ಬೆನ್ನ ಮೇಲಿನ ಗಂಟು, ದಾರಿಯ ಮೇಲಿನ ನೀರು

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದರು. ಕೋಶ ಓದುವವನಿಗೆ ಬರತಕ್ಕ ಕಷ್ಟ ಹೆಚ್ಚೆಂದರೆ ಕಣ್ಣುರಿ, ಇಲ್ಲವೆ ತೂಕಡಿಕೆ. ದೇಶ ಸುತ್ತುವವನ ಪಾಡು ಅಷ್ಟು ಸುಲಭವಾದುದಲ್ಲ. ಹಸಿವು, ಬಾಯಾರಿಕೆ, ಜ್ವರ, ಕಳ್ಳರ ಭಯ, ಅರಿಯದ ಭಾಷೆ, ಕಾಲು ಚಾಚಲು ಜಾಗವಿಲ್ಲದ ರಾತ್ರಿ ಇವೆಲ್ಲ ಅವನ ಜೊತೆಗಾರರು. ಹಾಗಿದ್ದರೂ ಮನುಷ್ಯನು ಗಂಟು ಕಟ್ಟಿಕೊಂಡು ಹೊರಡುವುದನ್ನು ಬಿಟ್ಟಿಲ್ಲ. ಇಂದು ಮುಂಬಯಿಯ ದೊಡ್ಡ ರೈಲು ನಿಲ್ದಾಣಗಳಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ತಲೆಗಿಂತ ಎತ್ತರದ ಚೀಲವನ್ನು ಬೆನ್ನಿಗೆ ಬಿಗಿದುಕೊಂಡ ತರುಣ ತರುಣಿಯರು ಗುಂಪುಗುಂಪಾಗಿ ಕಾಣಸಿಗುತ್ತಾರೆ. ಅವರಲ್ಲಿ ಪರದೇಶದವರಿದ್ದಾರೆ, ನಮ್ಮ ಬೆಂಗಳೂರು ಪುಣೆಗಳ ಮಕ್ಕಳೂ ಇದ್ದಾರೆ. ಇವರಿಗೆ ಬ್ಯಾಕ್‌ಪ್ಯಾಕರ್ ಎಂದು ಹೆಸರು. ಕಡಿಮೆ ಹಣದಲ್ಲಿ, ಸಿಕ್ಕಿದ ಬಂಡಿಯಲ್ಲಿ, ಸಿಕ್ಕಿದ ಕಡೆ ತಂಗುತ್ತ ಭಾರತವನ್ನು ನೋಡುವುದು ಇವರ ವ್ರತ. ಇದೊಂದು ಹೊಸ ಹುಚ್ಚು ಎಂದು ಮನೆಯ ಹಿರಿಯರು ಗೊಣಗುವುದುಂಟು. ಆದರೆ ಚರಿತ್ರೆಯನ್ನು ತೆರೆದು ನೋಡಿದರೆ ಈ ಹುಚ್ಚಿಗೆ ಸುಮಾರು ಸಾವಿರದ ನಾನೂರು ವರ್ಷಗಳ ವಯಸ್ಸಾಗಿದೆ ಎಂಬುದು ಕಂಡುಬರುತ್ತದೆ.

ರಾಜ್ಯೋತ್ಸವದ ಸಂಚಿಕೆಯಲ್ಲಿ ದಾರಿಹೋಕರ ಕಥೆಗೆ ಏನು ಸ್ಥಾನ ಎಂದು ಓದುಗರು ಕೇಳಬಹುದು. ಊರು ಬಿಟ್ಟು ಪರಸ್ಥಳದಲ್ಲಿ ಮನೆ ಮಾಡಿಕೊಂಡ ನಮ್ಮಂಥವರ ಸಂಸಾರಗಳಿಗಲ್ಲದೆ ಈ ಕಥೆ ಇನ್ನಾರಿಗೆ ಸಲ್ಲಬೇಕು? ನಾವೆಲ್ಲರೂ ಯಾರೋ ಒಬ್ಬ ದಾರಿಹೋಕನ ಮಕ್ಕಳು ಮೊಮ್ಮಕ್ಕಳೇ. ಆದುದರಿಂದ ಭಾರತದ ದಾರಿಗಳಲ್ಲಿ ಗಂಟು ಹೊತ್ತು ನಡೆದ ಕೆಲವರ ಕಷ್ಟವನ್ನೂ, ಅವರಿಗೆ ದೊರೆತ ಆಶ್ಚರ್ಯಗಳನ್ನೂ ಇಲ್ಲಿ ನೆನೆಯೋಣ. ಹಾಗೆ ನೆನೆಯುವಾಗ ಒಂದು ಚಿಕ್ಕ ಪ್ರಶ್ನೆಯನ್ನು ಜೊತೆಯಲ್ಲಿಟ್ಟುಕೊಳ್ಳೋಣ: ದಾರಿಯಲ್ಲಿ ಇವನಿಗೆ ನೀರು ಕೊಟ್ಟವರು ಯಾರು?

ಚೀನಾದ ಬೌದ್ಧ ಯತಿ ಹ್ಯೂಯೆನ್‌ತ್ಸಾಂಗನ ಒಂದು ಚಿತ್ರ ಬಹಳ ಪ್ರಸಿದ್ಧವಾಗಿದೆ. ಬೆನ್ನ ಮೇಲೆ ಬಿದಿರಿನ ದೊಡ್ಡ ಚೌಕಟ್ಟು, ಅದರ ತುಂಬ ಗ್ರಂಥಗಳ ಸುರುಳಿಗಳು, ತಲೆಯ ಮೇಲೆ ನೆರಳು, ಕಾಲಲ್ಲಿ ಚಪ್ಪಲಿ. ಚಿತ್ರ ಅವನ ಕಾಲಕ್ಕಿಂತ ಬಹಳ ಈಚಿನದು; ಆದರೆ ಅದನ್ನು ಕಂಡವರಿಗೆ ಇಂದಿನ ಬೆನ್ನುಚೀಲದ ತರುಣರ ನೆನಪಾಗದೆ ಇರದು. ಕ್ರಿ.ಶ. 629ರ ಸುಮಾರಿಗೆ ಅರಸನ ಅಪ್ಪಣೆಯಿಲ್ಲದೆಯೇ ಹೊರಟ ಈತನು 645ರಲ್ಲಿ ತಾಯ್ನಾಡಿಗೆ ಮರಳಿದನು. ಹೊರಟ ಕೆಲವೇ ದಿನಗಳಲ್ಲಿ ಮರಳುಗಾಡಿನ ನಡುವೆ ಇವನ ನೀರಿನ ಚರ್ಮದ ಚೀಲ ಕೈಜಾರಿ ಬಿದ್ದು, ಇದ್ದ ನೀರೆಲ್ಲ ಮರಳಿನ ಪಾಲಾಯಿತು. ನಾಲ್ಕು ರಾತ್ರಿ ಐದು ಹಗಲು ತೊಟ್ಟು ನೀರಿಲ್ಲದೆ ಕಳೆದ ಮೇಲೆ, ಕುದುರೆಯೇ ವಾಸನೆ ಹಿಡಿದು ಇವನನ್ನು ನೀರಿನ ಬಳಿಗೆ ಕೊಂಡೊಯ್ದಿತೆಂದು ಇವನ ಚರಿತ್ರೆ ಹೇಳುತ್ತದೆ. ಮುಂದೆ ಗಂಗಾನದಿಯಲ್ಲಿ ದೋಣಿಗಳ್ಳರು ಇವನನ್ನು ಹಿಡಿದರು. ಸುರೂಪಿಯಾದ ಈ ಯತಿಯೇ ದುರ್ಗೆಗೆ ತಕ್ಕ ಬಲಿಯೆಂದು ಅವರು ನಿಶ್ಚಯಿಸಿದಾಗ ಒಮ್ಮೆಲೇ ಬಿರುಗಾಳಿಯೆದ್ದು, ಕಳ್ಳರು ಹೆದರಿ ಕಾಲಿಗೆ ಬಿದ್ದರಂತೆ. ಹಿಂದಿರುಗುವಾಗ ಸಿಂಧೂನದಿಯಲ್ಲಿ ದೋಣಿ ಓಲಾಡಿ ಐವತ್ತು ಹೊರೆ ಗ್ರಂಥಗಳು ನೀರುಪಾಲಾದವು. ಅಷ್ಟಾದರೂ 657 ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಸಿಕೊಂಡು ಊರು ಸೇರಿದ ಆಸಾಮಿ ಇವನು.

ಇವನಿಗೆ ಈ ದೇಶದಲ್ಲಿ ಕಂಡ ಆಶ್ಚರ್ಯವೇನು? ಪಂಜಾಬಿನ ಕಡೆ ಇವನು ಪುಣ್ಯಶಾಲೆಗಳ ಸಂಗತಿಯನ್ನು ಬರೆಯುತ್ತಾನೆ. ಬಡವರಿಗೂ ದಾರಿಹೋಕರಿಗೂ ಅಲ್ಲಿ ಅನ್ನ, ಔಷಧ ದೊರೆಯುತ್ತಿದ್ದುದರಿಂದ ಪ್ರಯಾಣಿಕರಿಗೆ ಕೊರತೆಯಾಗುತ್ತಿರಲಿಲ್ಲವಂತೆ. ದಕ್ಷಿಣಕ್ಕೆ ಬಂದು ನಮ್ಮ ಬಾದಾಮಿಯ ಚಾಲುಕ್ಯರ ಎರಡನೆಯ ಪುಲಕೇಶಿಯ ನಾಡನ್ನು ನೋಡಿದಾಗ ಅಲ್ಲಿಯ ಜನರ ಸ್ವಭಾವವನ್ನು ಮೆಚ್ಚಿಕೊಂಡನು. ಉಪಕಾರವನ್ನು ಮರೆಯರು, ಅಪಕಾರ ಮಾಡಿದವರನ್ನು ಬಿಡರು, ಕಷ್ಟದಲ್ಲಿದ್ದವನು ನೆರವು ಬೇಡಿದರೆ ತಮ್ಮನ್ನೇ ಮರೆತು ಓಡಿಬರುವರು ಎಂಬುದು ಅವನು ಕೊಟ್ಟ ಪ್ರಮಾಣಪತ್ರದ ಸಾರಾಂಶ. ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಪುಲಕೇಶಿಯನ್ನು ನಾವು ವರ್ಷವರ್ಷವೂ ಭಾಷಣಗಳಲ್ಲಿ ಕೊಂಡಾಡುತ್ತೇವೆ. ನೆರವು ಬೇಡಿದವನಿಗೆ ಓಡಿಬರುವ ಜನರಿದ್ದರು ಎಂಬ ಮಾತು ಆ ಗೆಲುವಿಗಿಂತ ಕಡಿಮೆಯ ಹಿರಿಮೆಯಲ್ಲ ಎಂದು ನಮಗೆ ತೋರುತ್ತದೆ.

ಈ ಏರ್ಪಾಡುಗಳು ಆಕಾಶದಿಂದ ಉದುರಿದವುಗಳಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಅಶೋಕ ಚಕ್ರವರ್ತಿಯು ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿ, ಮಾವಿನ ತೋಪುಗಳನ್ನು ಬೆಳೆಸಿ, ಬಾವಿಗಳನ್ನು ತೋಡಿಸಿ, ಮನುಷ್ಯರಿಗೂ ಪಶುಗಳಿಗೂ ನೀರಿನ ತಾಣಗಳನ್ನು ಮಾಡಿಸಿದನೆಂದು ಅವನ ಸ್ತಂಭಶಾಸನ ಸಾರುತ್ತದೆ. ಆ ಕಂಬ ಇಂದಿಗೂ ದಿಲ್ಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿದೆ. ದಿಲ್ಲಿಯ ಕನ್ನಡಿಗರು ಅದನ್ನು ಕಂಡಿರಬಹುದು. ಕನ್ನಡ ನಾಡಿನ ಶಾಸನಗಳಲ್ಲಿಯೂ ಸತ್ರ, ಅರವಂಟಿಗೆಗಳಿಗೆ ಭೂಮಿ ಬಿಟ್ಟ ದಾನಗಳು ಬರುತ್ತವೆ. ಅರವಂಟಿಗೆ ಎಂದರೆ ದಾರಿಹೋಕರಿಗೆ ಧರ್ಮಾರ್ಥವಾಗಿ ನೀರು ಕೊಡುವ ಚಪ್ಪರ. ನಮ್ಮ ಅಜ್ಜಿಯರ ಬಾಯಲ್ಲಿ ಅದು ಅರವಟ್ಟಿಗೆಯಾಗಿ ಉಳಿದಿತ್ತು. ಚೈತ್ರ ವೈಶಾಖದ ಬಿಸಿಲಿನಲ್ಲಿ ನೀರುಮಜ್ಜಿಗೆ, ಪಾನಕ ಹಂಚುವ ಪದ್ಧತಿ ಇದರ ಕುಡಿಯೇ ಆಗಿದೆ.

ಏಳುನೂರು ವರ್ಷಗಳ ತರುವಾಯ ಬಂದವನು ಮೊರಾಕ್ಕೊ ದೇಶದ ಇಬ್ನ್ ಬತೂತ. 1333ರಲ್ಲಿ ಸಿಂಧೂ ದಾಟಿ ಬಂದು, ದಿಲ್ಲಿಯಲ್ಲಿ ಮುಹಮ್ಮದ್ ತುಘಲಕನ ಆಶ್ರಯದಲ್ಲಿ ನ್ಯಾಯಾಧೀಶನಾಗಿದ್ದನು. 1342ರಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಾಗ ಈತನ ವೈಭವ ಅಷ್ಟಿಷ್ಟಲ್ಲ. ಕುದುರೆಗಳು, ಸೇವಕರು, ಕಾಣಿಕೆಗಳ ರಾಶಿ. ದಿಲ್ಲಿಯಿಂದ ಬಹು ದೂರವೇನೂ ಅಲ್ಲದ ಇಂದಿನ ಅಲೀಗಢದ ಬಳಿ ದರೋಡೆಗಾರರ ಕೈಗೆ ಸಿಕ್ಕಿ, ಎಲ್ಲವನ್ನೂ ಕಳೆದುಕೊಂಡು, ಹೇಗೋ ತಪ್ಪಿಸಿಕೊಂಡು ಕಾಡುಪೊದೆಗಳಲ್ಲಿ ಒಂದು ವಾರ ಅಲೆದನು. ನೀರು ಸೇದಲು ಪಾತ್ರೆಯಿಲ್ಲದೆ ತಲೆಯ ಬಟ್ಟೆಯನ್ನೂ ಕಾಲಿನ ಜೋಡನ್ನೂ ಬಾವಿಗೆ ಇಳಿಬಿಡುವ ಸ್ಥಿತಿ ಬಂತು. ಕೊನೆಗೆ ಕೈಯಲ್ಲಿ ನೀರಿನ ಪಾತ್ರೆ, ದೊಣ್ಣೆ ಹಿಡಿದ ಕಪ್ಪು ಬಣ್ಣದ ಮನುಷ್ಯನೊಬ್ಬನು ಎದುರಾಗಿ ನೀರು ಕೊಟ್ಟು, ಹುರಿದ ಕಡಲೆಯನ್ನೂ ಅಕ್ಕಿಯನ್ನೂ ಕೊಟ್ಟನು. ರಾಯಭಾರಿಗೆ ನಡೆಯಲು ಶಕ್ತಿಯಿರಲಿಲ್ಲ. ಆ ಅಪರಿಚಿತನು ಅವನನ್ನೇ ಬೆನ್ನ ಮೇಲೆ ಹೊತ್ತು ನಡೆದನು. ಎಚ್ಚರವಾದಾಗ ಇಬ್ನ್ ಬತೂತನು ಒಂದು ಹಳ್ಳಿಯಲ್ಲಿದ್ದನು. ಹೊತ್ತು ತಂದವನು ಅಲ್ಲಿರಲಿಲ್ಲ. ದೇಶ ಸುತ್ತಲು ಬಂದವನ ಗಂಟು ಹೋಯಿತು. ಕೊನೆಗೆ ಅವನೇ ಇನ್ನೊಬ್ಬನ ಬೆನ್ನ ಮೇಲಿನ ಗಂಟಾದನು.

ಮುಂದೆ ಇವನು ನಮ್ಮ ಕರಾವಳಿಗೆ ಇಳಿದುಬಂದನು. ಹೊನ್ನಾವರ, ಬಾರಕೂರು, ಮಂಗಳೂರು ಈ ಮೂರನ್ನೂ ಇವನು ಕಂಡು ಬರೆದಿದ್ದಾನೆ. ಹೊನ್ನಾವರದಲ್ಲಿ ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ತಮೂರು ಪಾಠಶಾಲೆಗಳಿದ್ದುವೆಂದೂ, ಅಂಥದನ್ನು ಬೇರೆಲ್ಲಿಯೂ ಕಂಡಿರಲಿಲ್ಲವೆಂದೂ ಹೇಳುತ್ತಾನೆ. ಅಲ್ಲಿಯ ಊಟದ ವರ್ಣನೆಯನ್ನು ಓದಿದರೆ ಉತ್ತರ ಕನ್ನಡದವರ ಬಾಯಲ್ಲಿ ನೀರೂರೀತು: ಅನ್ನ, ತುಪ್ಪ, ಕಾಳುಮೆಣಸಿನ ಗೊನೆಯ ಉಪ್ಪಿನಕಾಯಿ, ಶುಂಠಿ, ನಿಂಬೆ, ಮಾವು. ಆದರೆ ರೊಟ್ಟಿಯ ಸೀಮೆಯ ಈ ಮನುಷ್ಯನಿಗೆ ಅನ್ನವೇ ದೊಡ್ಡ ಸಂಕಟವಾಯಿತು. ಹೊನ್ನಾವರದಲ್ಲಿ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣಲಿಲ್ಲ. ದಕ್ಷಿಣದ ಕರಾವಳಿಗಳಲ್ಲಿಯೂ ದ್ವೀಪಗಳಲ್ಲಿಯೂ ಮೂರು ವರ್ಷ ಅನ್ನವನ್ನೇ ಉಂಡು, ಕೊನೆಗೆ ನೀರು ಕುಡಿದೇ ಅದನ್ನು ನುಂಗಬೇಕಾಯಿತೆಂದು ಅಳಲು ತೋಡಿಕೊಂಡಿದ್ದಾನೆ. ದಿಲ್ಲಿಗೆ ಹೊಸದಾಗಿ ಹೋದ ನಮ್ಮ ಮಂಗಳೂರಿನ ಹುಡುಗರು ರೊಟ್ಟಿಯನ್ನು ಕುರಿತು ಊರಿಗೆ ಬರೆಯುತ್ತಿದ್ದುದೂ ಇದೇ ಧಾಟಿಯಲ್ಲಿಯೇ ಅಲ್ಲವೆ?

ಈ ಕರಾವಳಿಯ ದಾರಿಯಲ್ಲಿ ಇವನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯನ್ನು ನಾವು ಮುಖ್ಯವಾಗಿ ಗಮನಿಸಬೇಕು. ಗೋವೆಯಿಂದ ಕೊಲ್ಲಂವರೆಗಿನ ಮರಗಳ ನೆರಳಿನ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೊಂದು ಮರದ ಚಾವಡಿ, ಕುಳಿತುಕೊಳ್ಳಲು ಜಗಲಿ, ಒಂದು ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಬಂದವನು ಹಿಂದುವಾದರೆ ಪಾತ್ರೆಯಲ್ಲಿ ನೀರು. ಮುಸಲ್ಮಾನನಾದರೆ ಬೊಗಸೆಗೆ ಮೇಲಿನಿಂದ ಹೊಯ್ಯುವ ನೀರು. ಕಳ್ಳತನದ ಭಯವಿಲ್ಲದ ಇಂಥ ದಾರಿಯನ್ನು ತಾನು ಕಂಡಿಲ್ಲವೆಂದು ಅವನು ಮೆಚ್ಚಿಕೊಂಡನು. ನೀರು ಎಲ್ಲರಿಗೂ ದೊರೆಯಿತು, ಪಾತ್ರೆ ಎಲ್ಲರಿಗೂ ದೊರೆಯಲಿಲ್ಲ.

ಇದೇ ಗೆರೆಯನ್ನು ಕಂಡು ಬೆರಗಾದ ಇನ್ನೊಬ್ಬನು ರಷ್ಯದ ವರ್ತಕ ಅಫನಾಸಿ ನಿಕಿತಿನ್. ವಾಸ್ಕೋ ಡ ಗಾಮನಿಗಿಂತ ಸುಮಾರು ಮೂವತ್ತು ವರ್ಷ ಮೊದಲೇ, 1470ರ ಸುಮಾರಿಗೆ, ಕೊಂಕಣದ ಚೌಲ್ ಬಂದರಿನಲ್ಲಿ ಒಂದು ಕುದುರೆಯೊಡನೆ ಇಳಿದನು. ದಾರಿಯಲ್ಲಿ ತಾರ್ತರರು ಇವನ ಪುಸ್ತಕಗಳನ್ನು ದೋಚಿದ್ದರಿಂದ ತನ್ನ ಧರ್ಮದ ಹಬ್ಬಗಳು ಯಾವಾಗ ಬರುವುವೆಂಬುದೇ ಇವನಿಗೆ ತಿಳಿಯುತ್ತಿರಲಿಲ್ಲ. ಪರಸ್ಥಳದಲ್ಲಿ ಪಂಚಾಂಗವಿಲ್ಲದೆ ಯುಗಾದಿಯನ್ನು ಹುಡುಕಿದವರಿಗೆ ಈ ವ್ಯಥೆ ಅರ್ಥವಾದೀತು. ಜುನ್ನರದಲ್ಲಿ ನಾಲ್ಕು ತಿಂಗಳು ಹಗಲೂ ಇರುಳೂ ಮಳೆ, ಎಲ್ಲೆಲ್ಲೂ ಕೆಸರು. ಅಲ್ಲಿಯ ಅಧಿಕಾರಿ ಇವನ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕುದುರೆಯನ್ನೂ ಸಾವಿರ ಹೊನ್ನನ್ನೂ ಕೊಡುವೆನೆಂದು ನಾಲ್ಕು ದಿನಗಳ ಗಡುವಿತ್ತನು. ಖುರಾಸಾನದ ಒಬ್ಬ ಮುಸಲ್ಮಾನ ಗೃಹಸ್ಥನು ನಡುವೆ ಬಂದು ಮಾತಾಡಿ, ಈ ಕ್ರೈಸ್ತನ ಕುದುರೆಯನ್ನೂ ಮತವನ್ನೂ ಎರಡನ್ನೂ ಉಳಿಸಿಕೊಟ್ಟನು.

ಅಲ್ಲಿಂದ ನಿಕಿತಿನ್ ಬಹಮನಿಗಳ ರಾಜಧಾನಿಯಾದ ನಮ್ಮ ಬೀದರಕ್ಕೆ ಬಂದು ಬಹುಕಾಲ ನಿಂತನು. ತಾನು ಯಾರು, ತನ್ನ ಹೆಸರೇನು ಎಂಬುದನ್ನು ಅಲ್ಲಿಯ ಹಿಂದುಗಳಿಗೆ ಮುಚ್ಚುಮರೆಯಿಲ್ಲದೆ ಹೇಳಿದ ಮೇಲೆ ಅವರೂ ತಮ್ಮ ಊಟ, ವ್ಯಾಪಾರ, ಪೂಜೆಗಳಲ್ಲಿ ಯಾವುದನ್ನೂ ಇವನಿಂದ ಮರೆಮಾಡಲಿಲ್ಲ. ಅವರ ಜೊತೆಯಲ್ಲಿ ಶ್ರೀಶೈಲದ ಜಾತ್ರೆಗೂ ಹೋಗಿಬಂದನು. ಜೊತೆಯಲ್ಲಿ ಯಾತ್ರೆ ಮಾಡಿಸಿದ ಆ ಜನ ಇವನೊಡನೆ ಕುಳಿತು ಉಣ್ಣಲಿಲ್ಲ. ಇವನೊಡನೆ ಮಾತ್ರವೇನು, ತಮ್ಮತಮ್ಮಲ್ಲಿಯೂ ಉಣ್ಣುತ್ತಿರಲಿಲ್ಲ. ಈ ದೇಶದಲ್ಲಿ ಎಂಬತ್ತನಾಲ್ಕು ಮತಗಳಿವೆ, ಒಂದು ಇನ್ನೊಂದರೊಡನೆ ಕುಡಿಯದು, ಉಣ್ಣದು, ಮದುವೆಯಾಗದು ಎಂಬುದಾಗಿ ಅವನು ಬರೆದಿಟ್ಟನು. ಊರು ಸೇರುವ ಮೊದಲೇ ಸ್ಮೊಲೆನ್ಸ್ಕ್ ನಗರದ ಬಳಿ ತೀರಿಕೊಂಡನು. 1957ರಲ್ಲಿ ಇವನ ಕಥೆಯನ್ನು ‘ಪರದೇಸಿ’ ಎಂಬ ಚಲಚ್ಚಿತ್ರವಾಗಿ ಇದೇ ಮುಂಬಯಿಯವರೂ ರಷ್ಯದವರೂ ಕೂಡಿ ತೆಗೆದರು. ಹಳಬರಲ್ಲಿ ಕೆಲವರು ನರ್ಗಿಸಳಿಗಾಗಿಯಾದರೂ ಅದನ್ನು ನೋಡಿರುತ್ತಾರೆ.

ಪರದೇಶದವರ ಮಾತಾಯಿತು. ನಮ್ಮವರ ಪ್ರಯಾಣ ಹೇಗಿತ್ತು? ಕಾಶಿಗೆ ಹೋದವನೂ ಕಾಡಿಗೆ ಹೋದವನೂ ಒಂದೇ ಎಂಬ ಕಾಲದಲ್ಲಿ, 1830ರ ಮೇ ತಿಂಗಳಲ್ಲಿ, ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಯ್ಯನವರು ಸುಮಾರು ನೂರು ಮಂದಿಯ ಪರಿವಾರದೊಡನೆ ಕಾಶಿಗೆ ಹೊರಟರು. ಹೈದರಾಬಾದು, ನಾಗಪುರ, ಪ್ರಯಾಗಗಳ ಮೇಲೆ ಕಾಶಿಗೂ ಗಯೆಗೂ ಹೋಗಿ, ಕಲಕತ್ತೆ ಜಗನ್ನಾಥಗಳ ದಾರಿಯಾಗಿ 1831ರ ಸೆಪ್ಟೆಂಬರಿನಲ್ಲಿ ಮರಳಿದರು. ಇವರು ತೆಲುಗಿನಲ್ಲಿ ಬರೆದ ‘ಕಾಶೀಯಾತ್ರಾ ಚರಿತ್ರ’ದಲ್ಲಿ ಪ್ರತಿಯೊಂದು ಮಜಲಿನ ಲೆಕ್ಕವಿದೆ: ಅಂಗಡಿಯುಂಟೆ, ನೆರಳುಂಟೆ, ನೀರುಂಟೆ. ಇಂದಿನ ತರುಣರು ಕೈಫೋನಿನಲ್ಲಿ ಹುಡುಕುವ ವಿವರಗಳೆಲ್ಲ ಇವೇ.

ಮುಂಬಯಿಯ ಹತ್ತಿರದ ವರಸಯಿ ಗ್ರಾಮದ ವಿಷ್ಣುಭಟ್ಟ ಗೋಡಸೆಯವರ ಕಥೆ ಇನ್ನೂ ಕಷ್ಟದ್ದು. ಮನೆಯ ಸಾಲ ತೀರಿಸಲು ಉತ್ತರದಲ್ಲಿ ನಡೆಯಲಿದ್ದ ಯಜ್ಞವೊಂದರ ದಕ್ಷಿಣೆಯನ್ನು ನಂಬಿ 1857ರಲ್ಲಿ ಹೊರಟ ಈ ಬಡ ಭಟ್ಟರು ನೇರವಾಗಿ ದಂಗೆಯ ಬಾಯೊಳಗೆ ಹೋಗಿ ಬಿದ್ದರು. ಝಾನ್ಸಿಯ ಮುತ್ತಿಗೆಯನ್ನು ಕೋಟೆಯೂರಿನ ಒಳಗಿದ್ದು ಕಂಡರು; ಗಳಿಸಿದ ಹಣ ಲೂಟಿಯಾಯಿತು; ಪ್ರಾಣವೊಂದು ಉಳಿಯಿತು. ಕೊನೆಗೆ ಹೆಗಲ ಮೇಲೆ ಗಂಗಾಜಲವನ್ನು ಹೊತ್ತು ಮನೆಗೆ ಬಂದರು. ಹಣಕ್ಕೆಂದು ಹೋದ ಮಗ ನೀರು ತಂದನು. ತಂದೆ ತಾಯಿಗೆ ಅದೇ ಭಾಗ್ಯವಾಯಿತು. 1907ರಲ್ಲಿ ಅಚ್ಚಾದ ಇವರ ‘ಮಾಝಾ ಪ್ರವಾಸ’ ಮರಾಠಿಯ ಅಮೂಲ್ಯ ಗ್ರಂಥಗಳಲ್ಲೊಂದು. ನೆರೆಯ ಭಾಷೆಯನ್ನು ಕಲಿತ ನಮ್ಮ ಮಕ್ಕಳು ಅದನ್ನು ಓದಬೇಕು.

ಈ ನಡುವೆ 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಹದಿನೈದು ತಿಂಗಳ ಯಾತ್ರೆ ಕ್ರಮೇಣ ಹದಿನೈದು ದಿನಗಳದಾಯಿತು. ಎಲ್ಲ ಜಾತಿಯವರನ್ನೂ ಒಂದೇ ಹಲಗೆಯ ಮೇಲೆ ಒತ್ತೊತ್ತಾಗಿ ಕೂಡಿಸಿದ ಈ ಉಗಿಯ ಬಂಡಿ ಹಳೆಯ ಗೆರೆಗಳನ್ನೆಲ್ಲ ಅಳಿಸಿಹಾಕುವುದೆಂದು ಹಲವರು ನಂಬಿದರು. ಆದರೆ ನಿಲ್ದಾಣಗಳಲ್ಲಿ ಹಿಂದೂ ಪಾನಿ, ಮುಸಲ್ಮಾನ್ ಪಾನಿ ಎಂದು ಬೇರೆಬೇರೆ ಕೂಗಿ ನೀರು ಕೊಡುವ ಪದ್ಧತಿ ಬಂತು. ಚಕ್ರಗಳ ಮೇಲೆ ಕುಳಿತವರೆಲ್ಲ ಒಂದಾದರು, ಕೊಡಗಳು ಒಂದಾಗಲಿಲ್ಲ.

ಆ ಕೊಡಗಳೆರಡರಲ್ಲಿಯೂ ಪಾಲಿಲ್ಲದ ಜನ ಬೇರೆಯೇ ಇದ್ದರು. 1901ರ ಬೇಸಗೆಯಲ್ಲಿ ಸಾತಾರೆಯಿಂದ ಕೆಲವು ಹುಡುಗರು ದೂರದ ಊರಿನಲ್ಲಿ ಖಜಾಂಚಿಯಾಗಿದ್ದ ತಂದೆಯನ್ನು ಕಾಣಲು ರೈಲು ಹತ್ತಿದರು. ಹೊಸ ಅಂಗಿ, ಜರಿಯ ಟೋಪಿ, ರೇಷ್ಮೆಯಂಚಿನ ಧೋತರ. ಮೊದಲ ಪ್ರಯಾಣದ ಸಂಭ್ರಮ ಹೇಳತೀರದು. ಮಸೂರ್ ನಿಲ್ದಾಣದಲ್ಲಿ ಇಳಿದು ನೋಡಿದರೆ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಕ್ಕಳ ಉಡುಪು ಕಂಡು ಆದರದಿಂದ ವಿಚಾರಿಸಿದ ಸ್ಟೇಷನ್ ಮಾಸ್ತರರು, ಇವರು ಮಹಾರ್ ಜಾತಿಯವರೆಂದು ತಿಳಿದೊಡನೆ ಐದು ಹೆಜ್ಜೆ ಹಿಂದಕ್ಕೆ ಸರಿದರು. ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ಕೊಟ್ಟು, ಹುಡುಗರೇ ಗಾಡಿ ಹೊಡೆಯುವುದು, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು ಎಂದು ಒಪ್ಪಂದವಾಯಿತು. ರಾತ್ರಿ ಸುಂಕದ ಕಟ್ಟೆಯ ಬಳಿ ತಂಗಿದಾಗ ಬುತ್ತಿಯಲ್ಲಿ ಅನ್ನವಿತ್ತು, ಕುಡಿಯಲು ನೀರಿರಲಿಲ್ಲ. ಸುಂಕದವನನ್ನು ಕೇಳಿದರೆ, ನಿಮಗಾಗಿ ಇಲ್ಲಿ ನೀರು ಇಟ್ಟವರು ಯಾರೆಂದು ಗದರಿಸಿದನು. ನೀರಿಲ್ಲದೆ ಅನ್ನ ಗಂಟಲಲ್ಲಿ ಇಳಿಯದು. ಮಕ್ಕಳು ಬುತ್ತಿಯನ್ನು ಪಕ್ಕದಲ್ಲಿಟ್ಟುಕೊಂಡೇ ಹಸಿದು ಮಲಗಿದರು. ಆ ಹುಡುಗರಲ್ಲಿ ಸುಮಾರು ಹತ್ತು ವರ್ಷದವನೊಬ್ಬನಿದ್ದನು. ಅವನ ಹೆಸರು ಭೀಮರಾವ್ ಅಂಬೇಡಕರ್.

ಇಬ್ನ್ ಬತೂತನಿಗೆ ಕಾಡಿನಲ್ಲಿ ಗುರುತಿಲ್ಲದವನು ನೀರು ಕೊಟ್ಟನು. ಜುನ್ನರದಲ್ಲಿ ರಷ್ಯದವನ ಪಕ್ಷ ವಹಿಸಲು ಖುರಾಸಾನದವನು ಬಂದನು. ಹುಟ್ಟಿದ ನಾಡಿನಲ್ಲಿ, ಮನೆಯಿಂದ ಒಂದು ದಿನದ ದಾರಿಯಲ್ಲಿ, ಮಗುವೊಂದಕ್ಕೆ ಒಂದು ತಂಬಿಗೆ ನೀರು ಸಿಗಲಿಲ್ಲ. ನಮ್ಮ ದಾರಿಗಳ ಚರಿತ್ರೆಯನ್ನು ಬರೆಯುವವರು ಅರವಂಟಿಗೆಯ ಶಾಸನಗಳನ್ನು ಹೆಮ್ಮೆಯಿಂದ ಎತ್ತಿ ಹೇಳಿ, ಈ ರಾತ್ರಿಯನ್ನು ಬಿಟ್ಟುಬಿಟ್ಟರೆ ಅರ್ಧ ಚರಿತ್ರೆಯನ್ನಷ್ಟೇ ಬರೆದಂತಾಗುತ್ತದೆ.

ಮೂರನೆಯ ದರ್ಜೆಯ ಪ್ರಯಾಣದ ಕಷ್ಟವನ್ನು ಗಾಂಧೀಜಿಯವರು 1917ರಲ್ಲಿ ಬರೆದಿದ್ದಾರೆ. ಹದಿಮೂರು ರೂಪಾಯಿ ಒಂಬತ್ತಾಣೆಯ ಚೀಟಿ ಪಡೆದು ಅವರು ಮುಂಬಯಿಯಿಂದ ಮದರಾಸಿಗೆ ಹೊರಟ ಆ ಡಬ್ಬಿಯಲ್ಲಿ ಇಪ್ಪತ್ತೆರಡು ಜನಕ್ಕೆ ಮಾತ್ರ ಸ್ಥಳ. ಪುಣೆ ದಾಟಿದ ಮೇಲೆ ಜನ ನುಗ್ಗತೊಡಗಿದರು. ನಮ್ಮ ರಾಯಚೂರು ಬರುವ ಹೊತ್ತಿಗೆ ಒತ್ತಡ ಸಹಿಸಲಸಾಧ್ಯವಾಯಿತು. ಎರಡು ರಾತ್ರಿಗಳ ಆ ಪ್ರಯಾಣದಲ್ಲಿ ಒಂದು ಸಲವೂ ಡಬ್ಬಿಯನ್ನು ಗುಡಿಸಲಿಲ್ಲವಂತೆ. ಮೇಲಿನ ದರ್ಜೆಯಲ್ಲಿ ಹೋಗಬಲ್ಲವರು ಈ ಡಬ್ಬಿಯನ್ನು ಒಮ್ಮೆಯಾದರೂ ಹತ್ತಬೇಕು, ಆಗಲೇ ದೇಶ ಗೊತ್ತಾಗುವುದು ಎಂಬುದು ಅವರ ಅಭಿಪ್ರಾಯ. ಇಂದಿನ ಬೆನ್ನುಚೀಲದ ತರುಣರಲ್ಲಿ ಒಳ್ಳೆಯವರು ಅರಿತೋ ಅರಿಯದೆಯೋ ಅದನ್ನೇ ಮಾಡುತ್ತಿದ್ದಾರೆ.

ನೀರಿನ ಪ್ರಶ್ನೆಗೆ ಉತ್ತರ ದಾರಿಯಲ್ಲಿ ಸಿಗದಿದ್ದುದರಿಂದ ಅದನ್ನು ಶಾಸನದಲ್ಲಿ ಹುಡುಕಬೇಕಾಯಿತು. 1923ರಲ್ಲಿ ಮುಂಬಯಿ ಶಾಸನಸಭೆಯು ಸೀತಾರಾಮ ಕೇಶವ ಬೋಲೆಯವರ ಗೊತ್ತುವಳಿಯನ್ನು ಅಂಗೀಕರಿಸಿ, ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಧರ್ಮಶಾಲೆ, ಶಾಲೆಗಳನ್ನು ಅಸ್ಪೃಶ್ಯರಿಗೂ ತೆರೆಯತಕ್ಕದ್ದೆಂದು ಹೇಳಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಅದೇ ಪ್ರಾಂತದಲ್ಲಿದ್ದುದರಿಂದ ಆ ಮಾತು ನಮ್ಮ ಊರುಗಳಿಗೂ ಸಂಬಂಧಿಸಿದ್ದಾಗಿತ್ತು. ಕಾಗದದ ಮೇಲಿನ ಮಾತು ಕೆರೆಗೆ ಇಳಿಯಲಿಲ್ಲವಾದುದರಿಂದ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಅಂಬೇಡಕರರು ಸಾವಿರಾರು ಜನರೊಡನೆ ನಡೆದುಹೋಗಿ ನೀರು ಕುಡಿದರು. ವ್ಯಾಜ್ಯ ಹತ್ತು ವರ್ಷ ನಡೆದು, 1937ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಅವರ ಪಕ್ಷ ಗೆದ್ದಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿಯನ್ನು ಓದುಗರು ಒಮ್ಮೆ ಬಿಡಿಸಿ ನೋಡಬೇಕು. ಅಂಗಡಿ, ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ: ಇವುಗಳಲ್ಲಿ ಯಾರನ್ನೂ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರುಗಳ ಕಾರಣದಿಂದ ತಡೆಯಕೂಡದು ಎಂದು ಅದು ವಿಧಿಸುತ್ತದೆ. ನಮ್ಮ ಕಣ್ಣಿಗೆ ಇದು ದಾರಿಹೋಕನ ಪಟ್ಟಿಯಂತೆಯೇ ಕಾಣುತ್ತದೆ. ಮಸೂರಿನ ದಾರಿಯಲ್ಲಿ ನೀರಿಲ್ಲದೆ ಮಲಗಿದ ಹುಡುಗನು ಬೆಳೆದು, ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷನಾಗಿದ್ದನು.

ಆಮೇಲಿನ ಕಥೆ ಓದುಗರಿಗೆ ಗೊತ್ತಿದ್ದುದೇ. 1960ರ ದಶಕದ ನಡುವಿನಿಂದ ಐರೋಪ್ಯ ತರುಣರು ಇಸ್ತಾಂಬುಲ್, ತೆಹರಾನ್, ಕಾಬೂಲ್‌ಗಳ ಮೇಲೆ ಬಸ್ಸುಗಳಲ್ಲಿ ಭಾರತಕ್ಕೆ ಬರತೊಡಗಿದರು. 1979ರಲ್ಲಿ ಇರಾನಿನ ಕ್ರಾಂತಿಯೂ ಅಫಘಾನಿಸ್ತಾನದಲ್ಲಿ ರಷ್ಯದ ಸೇನೆಯೂ ಸೇರಿ ಆ ದಾರಿಯನ್ನು ಮುಚ್ಚಿದವು. 1981ರಲ್ಲಿ ‘ಲೋನ್ಲಿ ಪ್ಲಾನೆಟ್’ನವರ ಭಾರತದ ಕೈಪಿಡಿ ಹೊರಬಂದ ಮೇಲೆ ಗೋವೆ, ಗೋಕರ್ಣ, ಹಂಪಿಗಳಿಗೆ ಬೆನ್ನುಚೀಲದವರು ಇನ್ನೂ ಹೆಚ್ಚಾಗಿ ಬಂದರು. ಹೊಟ್ಟೆ ಕೆಡುವುದು, ಕಾದಿರಿಸಿದ ಚೀಟಿ ಖಾತ್ರಿಯಾಗದಿರುವುದು, ಬಸ್ಸು ನಡುದಾರಿಯಲ್ಲಿ ನಿಲ್ಲುವುದು, ಸಾಲದ್ದಕ್ಕೆ ಊರೆಲ್ಲ ಸುತ್ತುಗಟ್ಟಿ ನೋಡುವುದು ಇವರ ಪಾಲಿನ ಕಷ್ಟಗಳು. ನಿಕಿತಿನ್ನನ ಹಿಂದೆಯೂ ಬಿಳಿಯ ಮನುಷ್ಯನನ್ನು ನೋಡಲೆಂದು ಜನ ಗುಂಪುಗೂಡುತ್ತಿದ್ದರಲ್ಲವೆ! ಇನ್ನು ಆಶ್ಚರ್ಯಗಳೆಂದರೆ, ರೈಲಿನಲ್ಲಿ ಎದುರು ಕುಳಿತ ಅಪರಿಚಿತ ಹೆಂಗಸು ನಿಮ್ಮ ದೇಶ ಯಾವುದು, ಸಂಬಳವೆಷ್ಟು, ಮದುವೆ ಯಾವಾಗ ಎಂದು ಎಲ್ಲ ವಿಚಾರಿಸಿ, ಕೊನೆಗೆ ತನ್ನ ಬುತ್ತಿಯ ಅರ್ಧವನ್ನು ಅವರ ಕೈಗೆ ಇಡುವುದು. ಹಂಪಿಯಲ್ಲಿ ವಿರೂಪಾಕ್ಷ ಬಜಾರಿನ ಅಂಗಡಿ ಮನೆಗಳನ್ನು 2011ರಲ್ಲಿಯೂ, ಹೊಳೆಯಾಚೆಯ ವಿರೂಪಾಪುರಗಡ್ಡೆಯ ವಸತಿಗಳನ್ನು 2020ರಲ್ಲಿಯೂ ಸ್ಮಾರಕಗಳ ರಕ್ಷಣೆಗಾಗಿ ತೆರವುಗೊಳಿಸಲಾಯಿತು. ಪ್ರಯಾಣಿಕರಿಗೆ ತಂಗಲು ಕೊಟ್ಟವರೇ ಹೀಗೆ ಗಂಟು ಕಟ್ಟಬೇಕಾಗಿ ಬಂದುದನ್ನೂ ದಾರಿಯ ಚರಿತ್ರೆಯಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ.

ಈಗ ನಮ್ಮ ಮಾತಿಗೆ ಬರೋಣ. ಕೊಂಕಣ ರೈಲು ಪೂರ್ಣವಾದುದು 1998ರಲ್ಲಿ. ಅದಕ್ಕೆ ಬಹಳ ಮೊದಲು ದಕ್ಷಿಣ ಕನ್ನಡದ ಹುಡುಗರು ಹಡಗಿನ ಅಟ್ಟದ ಮೇಲೆ ವಾಂತಿ ಮಾಡಿಕೊಳ್ಳುತ್ತ, ಉತ್ತರ ಕರ್ನಾಟಕದವರು ಮೂರನೆಯ ದರ್ಜೆಯಲ್ಲಿ ನಿಂತುಕೊಂಡೇ, ಈ ನಗರಕ್ಕೆ ಬಂದು ಇಳಿದರು. ಗಂಟಿನಲ್ಲಿ ಎರಡು ಅಂಗಿ, ಒಂದು ವಿಳಾಸದ ಚೀಟಿ. ಆ ವಿಳಾಸ ಬಹುಮಟ್ಟಿಗೆ ಒಂದು ಖಾನಾವಳಿಯದೋ ಉಡುಪಿ ಹೋಟೆಲಿನದೋ ಆಗಿರುತ್ತಿತ್ತು. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳು ಎಷ್ಟೋ ಒಂಟಿ ಜೀವಗಳಿಗೆ ಮನೆಯ ಊಟವನ್ನು ಕೊಟ್ಟವು. ಹಗಲು ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರ ಮನೆತನಗಳು ಈ ಸಂಚಿಕೆಯನ್ನು ಓದುವವರಲ್ಲಿಯೂ ಇವೆ. ಹಳೆಯ ಕೆಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸಾಲು ಇದ್ದುದೂ ನಿಜ. ಕ್ರಮೇಣ ಆ ಗೋಡೆ ಬಿದ್ದು, ಹಣ ಕೊಟ್ಟವರೆಲ್ಲ ಒಂದೇ ಮೇಜಿನಲ್ಲಿ ಕುಳಿತು ದೋಸೆ ತಿನ್ನುವಂತಾದುದೂ ಅಷ್ಟೇ ನಿಜ. ನಿಕಿತಿನ್ ಇಂದು ಬಂದರೆ ಎಂಬತ್ತನಾಲ್ಕು ಮತದವರು ಕೂಡಿ ಕಾಫಿ ಕುಡಿಯುವುದನ್ನು ಕಂಡು ತನ್ನ ಪುಸ್ತಕವನ್ನು ತಿದ್ದಿಕೊಂಡಾನು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ. ಇಲ್ಲಿ ಅದನ್ನು ನೇರವಾಗಿಯೇ ಹಿಡಿಯೋಣ. ಊರಿಗೆ ಬಂದವರೆಲ್ಲ ನೀರಿಗೆ ಬರಲೇಬೇಕು. ಇಂದು ನೀರು ಬಾಟಲಿಯಲ್ಲಿ ಮಾರಾಟದ ಸರಕಾಗಿದೆ. ಹಣವಿದ್ದವನನ್ನು ಯಾರೂ ಜಾತಿ ಕೇಳುವುದಿಲ್ಲ. ಆದರೆ ತಲೆಯ ಮೇಲೆ ಸೂರು ಬೇಡಿ ಹೊರಟವರ ಸಂಗತಿ ಹಾಗಿಲ್ಲ. ಬಾಡಿಗೆಗೆ ಕೋಣೆ ಹುಡುಕುವ ತರುಣನ ಹೆಸರನ್ನು ಕೇಳಿ, ಅಡ್ಡಹೆಸರನ್ನು ಕೇಳಿ, ಊಟದಲ್ಲಿ ಏನು ಎಂದು ಕೇಳಿ, ಐದು ಹೆಜ್ಜೆ ಹಿಂದೆ ಸರಿಯುವವರು ನಮ್ಮ ಮಹಾನಗರಗಳಲ್ಲಿ ಇನ್ನೂ ಇದ್ದಾರೆ, ಕನ್ನಡಿಗರಲ್ಲಿಯೂ ಇದ್ದಾರೆ. ಒಂದು ಕಾಲದಲ್ಲಿ 'ಮದರಾಸಿ' ಎಂಬ ಒಂದೇ ಹೆಸರಿನಿಂದ ಕರೆಯಿಸಿಕೊಂಡು ಬಾಗಿಲ ಹೊರಗೆ ನಿಂತವರ ಮಕ್ಕಳು ನಾವು. ನಮ್ಮ ಮನೆಯ ಬಾಗಿಲಲ್ಲಿ ಆ ಪ್ರಶ್ನೆಗಳು ಏಳಬಾರದು.

ಕನ್ನಡ ಸಂಘಗಳು ನಾಟಕವಾಡಿಸಲಿ, ಸನ್ಮಾನ ಮಾಡಲಿ, ರಾಜ್ಯೋತ್ಸವದ ದಿನ ಬಾವುಟ ಏರಿಸಲಿ, ಅವೆಲ್ಲ ಬೇಕು. ಅದರೊಡನೆ ಊರಿನಿಂದ ಇಂದು ತಾನೇ ಇಳಿದ ಹುಡುಗನೋ ಹುಡುಗಿಯೋ, ಅವರ ಬೆನ್ನಚೀಲ ಎಷ್ಟೇ ವಿಚಿತ್ರವಾಗಿರಲಿ, ಮಾತು ಬೀದರದ್ದಿರಲಿ ಚಾಮರಾಜನಗರದ್ದಿರಲಿ, ಕನ್ನಡವೇ ಬಾರದವರಿರಲಿ, ಸಂಘದ ಮೆಟ್ಟಿಲು ಹತ್ತಿದರೆ ಒಂದು ಲೋಟ ನೀರು ಕೊಟ್ಟು, ಊಟವಾಯಿತೆ, ಇಳಿದುಕೊಂಡಿದ್ದು ಎಲ್ಲಿ ಎಂದು ಕೇಳುವವರು ಒಬ್ಬರಾದರೂ ಅಲ್ಲಿರಬೇಕು. ಪುಲಕೇಶಿಯ ನಾಡಿನವರನ್ನು ಕುರಿತು ಚೀನಾದ ಯತಿ ಬರೆದ ಮಾತು ಹೀಗೆ ನಮ್ಮ ಕಾಲದಲ್ಲಿಯೂ ಸತ್ಯವಾಗಿ ಉಳಿಯಲಿ ಎಂದು ಹಾರೈಸಿ, ಎಲ್ಲ ಕನ್ನಡ ಬಂಧುಗಳಿಗೂ ರಾಜ್ಯೋತ್ಸವದ ಶುಭಾಶಯಗಳನ್ನು ಕೋರುತ್ತೇವೆ.